ನಲವತ್ತು ಚೆಂಡು, ಒಂದೇ ಸೂಜಿ

ಮಾನ್ಯ ಸಂಪಾದಕರೇ,

ಚರ್ಚಿನ ಹುಡುಗ ಹುಡುಗಿಯರು ರಜೆಯಲ್ಲಿ ಹೊರದೇಶಕ್ಕೆ ಹೋಗಿ ಅಲ್ಲಿನ ಮಕ್ಕಳಿಗೆ ಆಟ ಕಲಿಸುವ ಬಗ್ಗೆ ನಿಮ್ಮ ಓದುಗರ ಅಂಕಣದಲ್ಲಿ ಎರಡು ಪತ್ರ ಓದಿದೆ. ಒಬ್ಬರು ಇದು ಮತಾಂತರದ ಹೊಸ ದಾರಿ, ಚೆಂಡು ಬರೀ ನೆಪ ಎಂದಿದ್ದರು. ಇನ್ನೊಬ್ಬರು ಇದು ನಿಸ್ವಾರ್ಥ ಸೇವೆ, ಮೊಬೈಲ್ ಹಿಡಿದು ಕೂರುವ ನಮ್ಮ ಮಕ್ಕಳು ಇವರನ್ನು ನೋಡಿ ಕಲಿಯಬೇಕು ಎಂದಿದ್ದರು. ಇಬ್ಬರೂ ಹೋಗಿ ಬಂದವರಲ್ಲ ಅನ್ನುವುದು ಎರಡನೇ ಸಾಲಿಗೇ ಗೊತ್ತಾಗುತ್ತದೆ. ನಾನು ಹೋಗಿ ಬಂದಿದ್ದೇನೆ. ಪತ್ರ ಉದ್ದ ಆಯಿತು, ನೀವು ಕತ್ತರಿ ಹಾಕುತ್ತೀರಿ ಅಂತ ಗೊತ್ತು, ಸೂಜಿಯ ವಿಷಯ ಮಾತ್ರ ಕತ್ತರಿಸಬೇಡಿ.

ನನ್ನ ಊರು ಉಡುಪಿ ಹತ್ತಿರ. ಸಿಎಸ್‌ಐ ಚರ್ಚಿನ ಸಭೆಯವಳು. ಕಾಲೇಜಿನಲ್ಲಿ ಐದು ವರ್ಷ ತ್ರೋಬಾಲ್ ಆಡಿದ್ದೇನೆ. ನಮ್ಮಜ್ಜ ಡ್ರಿಲ್ ಮಾಸ್ತರರು, ನಾನೂ ದೈಹಿಕ ಶಿಕ್ಷಣದ ಬಿಪಿಎಡ್ ಮಾಡಿದೆ. 2024ರಲ್ಲಿ ಕೋರ್ಸ್ ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಒಂದು ಸ್ವಯಂಸೇವಾ ತಂಡದ ಅರ್ಜಿ ಸಿಕ್ಕಿತು. ಜೂನ್ ಮಧ್ಯದಿಂದ ಜುಲೈ ಕೊನೆವರೆಗೆ ಆರು ವಾರ, ಜಾಂಬಿಯಾ ದೇಶದ ರಾಜಧಾನಿ ಲುಸಾಕಾದಲ್ಲಿ ಮಕ್ಕಳಿಗೆ ಆಟದ ಶಿಬಿರ. ಒಟ್ಟು ಒಂಬತ್ತು ಜನ, ಏಳು ಜನ ಯುರೋಪಿನವರು, ಇಬ್ಬರು ನಾವು. ನನ್ನ ಪಾಲಿನ ಖರ್ಚಿಗೆ ಅಪ್ಪ ಸ್ವಲ್ಪ ಹಾಕಿದರು, ಉಳಿದದ್ದನ್ನು ಸಭೆಯ ಹೆಂಗಸರು ಮೂರು ಭಾನುವಾರ ಆರಾಧನೆ ಮುಗಿದ ಮೇಲೆ ಕೋರಿ ರೊಟ್ಟಿ ಮಾರಿ ಒಟ್ಟು ಮಾಡಿದರು. ಆ ಕೋರಿ ರೊಟ್ಟಿಯ ಋಣ ಇರುವುದರಿಂದಲೇ ಇದನ್ನು ಬರೆಯುತ್ತಿದ್ದೇನೆ. ಅವರಿಗೆ ನಾನು ಬಂದ ಮೇಲೆ ತೋರಿಸಿದ್ದು ಬರೀ ಫೋಟೋ. ಫೋಟೋದಲ್ಲಿ ಎಲ್ಲರೂ ನಗುತ್ತಿರುತ್ತಾರೆ.

ಮೊದಲನೇ ತಮಾಷೆ ಅರ್ಜಿಯಲ್ಲೇ ಇತ್ತು, ನಾನು ಗಮನಿಸಲಿಲ್ಲ ಅಷ್ಟೇ. ಬೇಸಿಗೆ ಶಿಬಿರ ಅಂತ ಹೆಸರು. ಹೊರಡುವ ದಿನ ಉಡುಪಿಯಲ್ಲಿ ಧೋ ಅಂತ ಮಳೆ. ಲುಸಾಕಾದಲ್ಲಿ ಇಳಿದರೆ ಚಳಿ, ಬೆಳಿಗ್ಗೆ ಸ್ವೆಟರ್ ಇಲ್ಲದೆ ಹೊರಗೆ ಕಾಲಿಡುವ ಹಾಗಿಲ್ಲ, ಏಕೆಂದರೆ ಭೂಮಧ್ಯರೇಖೆಯ ಆ ಕಡೆ ಜೂನ್-ಜುಲೈ ಅಂದರೆ ಚಳಿಗಾಲ, ಊರು ಬೇರೆ ಬೆಂಗಳೂರಿಗಿಂತ ಎತ್ತರದಲ್ಲಿದೆ. ಬೇಸಿಗೆ ಇದ್ದದ್ದು ಶಿಬಿರ ಏರ್ಪಡಿಸಿದವರ ಊರಿನಲ್ಲಿ ಮಾತ್ರ. ಇದು ಬರೀ ಹೆಸರಿನ ತಮಾಷೆ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಬೇಸಿಗೆ ಇಲ್ಲ ಅಂದರೆ ರಜೆಯೂ ಇಲ್ಲ ಅಲ್ವಾ? ಜೂನ್-ಜುಲೈನಲ್ಲಿ ಅಲ್ಲಿ ಎರಡನೇ ಅವಧಿಯ ಪಾಠ ಜೋರಾಗಿ ನಡೆಯುತ್ತಿರುತ್ತದೆ. ರಜೆ ಬರುವುದು ಆಗಸ್ಟ್‌ನಲ್ಲಿ, ನಾವು ಗಂಟು ಕಟ್ಟಿ ಹೊರಟ ಮೇಲೆ.

ಹಾಗಾಗಿ ಮೊದಲ ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಾವು ಒಂಬತ್ತು ಜನ ಒಂದೇ ಬಣ್ಣದ ಟೀಶರ್ಟ್ ಹಾಕಿಕೊಂಡು ಚರ್ಚಿನ ಮೈದಾನದಲ್ಲಿ ಕೋನ್‌ಗಳನ್ನು ಸಾಲಾಗಿ ಇಟ್ಟು ನಿಂತರೆ, ಬಂದದ್ದು ಹನ್ನೊಂದು ಮಕ್ಕಳು. ಅವರಲ್ಲಿ ಐದು ಜನ ಅಂಗನವಾಡಿ ವಯಸ್ಸಿನವರು. ಮರುದಿನ ಐವತ್ತು. ಮೂರನೇ ದಿನ ನೂರು ದಾಟಿತು. ನಮಗೆಲ್ಲ ಖುಷಿ, ಸುದ್ದಿ ಹಬ್ಬಿದೆ ಅಂತ. ನಾಲ್ಕನೇ ದಿನ ಪಕ್ಕದ ಶಾಲೆಯ ಹೆಡ್‌ಮಾಸ್ಟರ್ ಬಂದರು. ತುಂಬಾ ಮರ್ಯಾದೆಯಿಂದ, ಕೈಕಟ್ಟಿ ನಿಂತು, ನಿಮ್ಮ ಶಿಬಿರ ಚೆನ್ನಾಗಿದೆ, ಆದರೆ ನನ್ನ ಏಳನೇ ಕ್ಲಾಸ್ ಖಾಲಿ ಆಗಿದೆ ಎಂದರು. ಏಳನೇ ಕ್ಲಾಸಿಗೆ ಅಲ್ಲಿ ಪಬ್ಲಿಕ್ ಪರೀಕ್ಷೆ ಇದೆ. 2022ರಲ್ಲಿ ಅಲ್ಲಿನ ಸರ್ಕಾರ ಹನ್ನೆರಡನೇ ಕ್ಲಾಸಿನವರೆಗೆ ಶುಲ್ಕ ತೆಗೆದು ಹಾಕಿದ ಮೇಲೆ ಶಾಲೆಗಳು ತುಂಬಿ ತುಳುಕುತ್ತಿವೆ, ಜಾಗ ಸಾಲದೆ ಪಾಳಿಯಲ್ಲಿ ಪಾಠ ಮಾಡುತ್ತಾರೆ, ಅಷ್ಟು ಕಷ್ಟಪಟ್ಟು ಒಳಗೆ ಕೂರಿಸಿದ ಮಕ್ಕಳನ್ನು ನಾವು ಚೆಂಡು ತೋರಿಸಿ ಹೊರಗೆ ಕರೆದಿದ್ದೆವು. ನಾಳೆ ನನ್ನ ಶಾಲೆಯ ಗೇಟಿನ ಎದುರು ಪಾಠದ ಹೊತ್ತಿನಲ್ಲಿ ಯಾರಾದರೂ ಫ್ರೀ ಶಿಬಿರ ಇಟ್ಟರೆ ನಾನು ಸುಮ್ನೆ ಬಿಡುತ್ತೇನಾ?

ಅಂದಿನಿಂದ ಶಿಬಿರ ಮಧ್ಯಾಹ್ನ ಮೂರಕ್ಕೆ. ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಮುಳುಗಿದ ಮೇಲೆ ಕತ್ತಲು ಅಂದರೆ ಕತ್ತಲೇ. 2024ರಲ್ಲಿ ಜಾಂಬಿಯಾದಲ್ಲಿ ಭಾರಿ ಬರ, ಫೆಬ್ರುವರಿಯಲ್ಲೇ ಅಧ್ಯಕ್ಷರು ಅದನ್ನು ರಾಷ್ಟ್ರೀಯ ವಿಪತ್ತು ಎಂದು ಘೋಷಿಸಿದ್ದರು. ಆ ದೇಶದ ಕರೆಂಟ್ ಬಹುಪಾಲು ಬರುವುದು ನೀರಿನಿಂದ, ಅದರಲ್ಲೂ ಜಾಂಬೆಜಿ ನದಿಯ ಕರಿಬಾ ಅಣೆಕಟ್ಟಿನಿಂದ, ಕರಿಬಾದಲ್ಲಿ ನೀರೇ ಇಲ್ಲ. ನಾವಿದ್ದ ಕಡೆ ಅರ್ಧ ದಿನಕ್ಕಿಂತ ಜಾಸ್ತಿ ಲೋಡ್ ಶೆಡ್ಡಿಂಗ್. ನಮ್ಮ ಕಡೆ ಸಂಜೆ ಒಂದು ಗಂಟೆ ಕರೆಂಟ್ ಹೋದರೆ ಮೆಸ್ಕಾಂಗೆ ಹತ್ತು ಫೋನ್ ಹೋಗುತ್ತದೆ. ಅಲ್ಲಿ ಜನ ಇದ್ದಿಲು ಹೊತ್ತಿಸಿ ಅಡುಗೆಗೆ ಕೂರುತ್ತಿದ್ದರು, ಅಷ್ಟೇ.

ಬರದ ಇನ್ನೊಂದು ಮುಖ ನಮಗೆ ಎರಡನೇ ವಾರ ಗೊತ್ತಾಯಿತು. ಅಲ್ಲಿನವರ ಊಟ ನ್ಶಿಮಾ, ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಕೈಯಲ್ಲಿ ತುಂಡು ಮುರಿದು, ಅಂಗೈಯಲ್ಲಿ ಉಂಡೆ ಮಾಡಿ, ಸೊಪ್ಪಿನ ಪಲ್ಯಕ್ಕೋ ಕಪೆಂಟಾ ಅನ್ನುವ ಒಣಮೀನಿನ ಸಾರಿಗೋ ಅದ್ದಿ ತಿನ್ನುತ್ತಾರೆ. ತಂಡದ ಯುರೋಪಿನವರು ಚಮಚ ಹುಡುಕುವಾಗ ನಾವಿಬ್ಬರು ಆರಾಮಾಗಿ ಉಂಡೆವು, ಒಣಮೀನು ಬೇರೆ ಸಿಕ್ಕಿದ ಮೇಲೆ ಇನ್ನೇನು. ಆದರೆ ಆ ವರ್ಷ ಮೆಕ್ಕೆಜೋಳದ ಬೆಳೆಯೇ ಒಣಗಿ ಹೋಗಿತ್ತು. ಹಿಟ್ಟಿನ ಬೆಲೆ ಏರಿತ್ತು. ಒಂದು ದಿನ ನಾನು ಮಕ್ಕಳಿಗೆ ಮೈದಾನದ ಸುತ್ತ ನಾಲ್ಕು ರೌಂಡ್ ಓಡಲು ಹೇಳಿದೆ, ನಮ್ಮ ಬಿಪಿಎಡ್ ವಾರ್ಮಪ್. ಮೂರನೇ ರೌಂಡಿಗೆ ಒಬ್ಬ ಹುಡುಗಿ ಹಾಗೇ ಕೂತುಬಿಟ್ಟಳು. ಬಿಸಿಲೂ ಇರಲಿಲ್ಲ. ಬೆಳಿಗ್ಗೆಯಿಂದ ಏನು ತಿಂದಿದ್ದೀಯ ಅಂದರೆ ಮಾತಿಲ್ಲ. ಪಕ್ಕದವಳು ಹೇಳಿದಳು, ಇವಳ ಮನೆಯಲ್ಲಿ ದಿನಕ್ಕೆ ಒಂದೇ ಊಟ, ರಾತ್ರಿ. ನಾನು ಕಲಿತ ಪುಸ್ತಕದಲ್ಲಿ ನಾಡಿ ಬಡಿತ, ಆಮ್ಲಜನಕ, ಸ್ನಾಯು ಎಲ್ಲ ಇತ್ತು. ಓಡಿಸುವ ಮೊದಲು ಊಟ ಆಯಿತಾ ಅಂತ ಕೇಳು ಅನ್ನುವುದು ಇರಲಿಲ್ಲ. ನಮ್ಮ ಶಾಲೆಗಳಲ್ಲಿ ಬಿಸಿಯೂಟ ಇರುವುದರಿಂದ ಆ ಪ್ರಶ್ನೆ ತಲೆಗೇ ಬರುವುದಿಲ್ಲ, ಅದೂ ಒಂದು ಭಾಗ್ಯವೇ.

ಮರುದಿನದಿಂದ ಮೊದಲು ಗಂಜಿ, ಆಮೇಲೆ ಆಟ. ಇದನ್ನು ಹೇಳಿದ್ದು ನಾವು ಒಂಬತ್ತು ಜನರಲ್ಲಿ ಯಾರೂ ಅಲ್ಲ, ಅಲ್ಲಿನ ಕೋಚ್.

ಅವರ ಬಗ್ಗೆ ಹೇಳಬೇಕು. ಮೂವತ್ತರ ಆಸುಪಾಸಿನ ಹೆಂಗಸು. ಬೆಳಿಗ್ಗೆ ಸಂತೆಯಲ್ಲಿ ಸಲಾವುಲಾ ಮಾರುತ್ತಾರೆ, ಅಂದರೆ ಹೊರದೇಶದಿಂದ ಮೂಟೆಗಟ್ಟಲೆ ಬರುವ ಹಳೇ ಬಟ್ಟೆ. ಮಧ್ಯಾಹ್ನ ಹುಡುಗಿಯರಿಗೆ ನೆಟ್‌ಬಾಲ್ ಹೇಳಿಕೊಡುತ್ತಾರೆ, ಎಂಟು ವರ್ಷದಿಂದ, ಒಂದು ಪೈಸೆ ಸಂಬಳ ಇಲ್ಲದೆ. ಮಕ್ಕಳು ಅವರನ್ನು ಬಾ ಕೋಚ್ ಅನ್ನುತ್ತಿದ್ದರು. ನಾನು ಮೊದಲು ಇವರು ಯಾಕೆ ಕೋಚನ್ನು ಬಾ, ಬಾ ಅಂತ ಕರೆಯುತ್ತಾರೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅಲ್ಲಿನ ಭಾಷೆಗಳಲ್ಲಿ ದೊಡ್ಡವರ ಹೆಸರಿನ ಮುಂದೆ ಬಾ ಸೇರಿಸುವುದು ಗೌರವಕ್ಕೆ, ನಾವು ಹಿಂದೆ ಅವರು ಅಂತ ಸೇರಿಸಿದ ಹಾಗೆ. ನಮ್ಮ ತಂಡದ ಪಟ್ಟಿಯಲ್ಲಿ ಅವರ ಹೆಸರಿನ ಎದುರು ಸಹಾಯಕಿ ಎಂದಿತ್ತು. ಎಂಟು ವರ್ಷದಿಂದ ಕೋಚ್ ಆಗಿರುವವರು ಸಹಾಯಕಿ, ಮೊನ್ನೆ ವಿಮಾನ ಇಳಿದ ನಾನು ಮುಖ್ಯ ತರಬೇತುದಾರಳು. ನಾನು ಆ ಪಟ್ಟಿ ಓದಿ ಏನೂ ಅನ್ನಲಿಲ್ಲ. ಅದು ನನ್ನ ತಪ್ಪು, ಇಲ್ಲೇ ಬರೆದುಬಿಡುತ್ತೇನೆ.

ನೆಟ್‌ಬಾಲ್ ನನಗೆ ಗೊತ್ತಿರಲಿಲ್ಲ. ಬಾಸ್ಕೆಟ್‌ಬಾಲ್ ಹಾಗೆ ಬಳೆ ಇದೆ, ಹಿಂದೆ ಬೋರ್ಡ್ ಇಲ್ಲ. ಚೆಂಡು ನೆಲಕ್ಕೆ ಬಡಿಯುತ್ತಾ ಓಡುವ ಹಾಗಿಲ್ಲ. ಏಳು ಜನ, ಯಾರು ಎಲ್ಲಿವರೆಗೆ ಹೋಗಬಹುದು ಅಂತ ಎದೆಯ ಮೇಲಿನ ಇಂಗ್ಲಿಷ್ ಅಕ್ಷರ ಹೇಳುತ್ತದೆ. ಚೆಂಡು ಕೈಗೆ ಬಂದರೆ ಮೂರು ಸೆಕೆಂಡಿನೊಳಗೆ ಬಿಡಬೇಕು. ತ್ರೋಬಾಲ್‌ನಲ್ಲೂ ಏಳು ಜನ, ಅಲ್ಲೂ ಮೂರು ಸೆಕೆಂಡ್! ನಾನು ಇದನ್ನು ಹೇಳಿದ ದಿನ ಕೋಚ್ ಮೊದಲ ಸಲ ನನ್ನನ್ನು ನೋಡಿ ನಕ್ಕರು. ಆಮೇಲೆ ನಾವು ಒಂದು ದಿನ ತ್ರೋಬಾಲ್, ಒಂದು ದಿನ ನೆಟ್‌ಬಾಲ್ ಆಡಿಸಿದೆವು. ನಾನು ಹುಡುಗಿಯರ ಮಧ್ಯೆ ನಿಂತು ಕಲಿತೆ, ಕಾಲು ಎತ್ತಿ ಇಟ್ಟಾಗೆಲ್ಲ ವಿಸಿಲ್ ಹೊಡೆಸಿಕೊಂಡು.

ಈಗ ಸೂಜಿ.

ನಾವು ನಲವತ್ತು ಚೆಂಡು ಕೊಂಡುಹೋಗಿದ್ದೆವು. ಗಾಳಿ ತೆಗೆದು, ಚಪ್ಪಟೆ ಮಾಡಿ, ಬಟ್ಟೆಯ ನಡುವೆ ತುರುಕಿ. ಗಾಳಿ ಹಾಕಲು ಒಂದು ಪಂಪು, ಅದರ ಜೊತೆ ಬಂದ ಒಂದು ಸೂಜಿ. ಎರಡನೇ ವಾರ ಆ ಸೂಜಿ ಚೆಂಡಿನ ಬಾಯಲ್ಲೇ ಮುರಿಯಿತು. ಅಲ್ಲಿನ ನೆಲ ಕೆಂಪು ಮಣ್ಣು, ಗಟ್ಟಿ, ಮುಳ್ಳು ಬೇರೆ. ದಿನಕ್ಕೆ ನಾಲ್ಕೈದು ಚೆಂಡು ಮೆತ್ತಗಾಗುತ್ತಾ ಬಂದವು. ವಾರದೊಳಗೆ ನೆಟ್ಟಗೆ ಪುಟಿಯುವ ಚೆಂಡು ಎಂಟು ಉಳಿದವು, ಮೂವತ್ತೆರಡು ಚೆಂಡು ಮೂಟೆಯಲ್ಲಿ ಬಿದ್ದಿದ್ದವು. ಹುಡುಗರು ಏನೂ ಬೇಜಾರು ಮಾಡಿಕೊಳ್ಳದೆ ತಮ್ಮ ಹಳೇ ಚೆಂಡನ್ನು ತಂದರು. ಪ್ಲಾಸ್ಟಿಕ್ ಚೀಲಗಳನ್ನು ಒಂದರ ಮೇಲೊಂದು ಸುತ್ತಿ, ಮೇಲೆ ಹಗ್ಗ ಬಿಗಿದು ಮಾಡಿದ್ದು. ಅದಕ್ಕೆ ಗಾಳಿಯೇ ಬೇಡ.

ಕೊನೆಗೆ ನಾನೂ ಕೋಚ್ ಕೂಡ ಮಿನಿಬಸ್ ಹತ್ತಿ ಕಾಮ್ವಾಲಾಕ್ಕೆ ಹೋದೆವು. ಲುಸಾಕಾದ ವ್ಯಾಪಾರದ ಜಾಗ ಅದು, ಅಂಗಡಿ ಇಟ್ಟವರಲ್ಲಿ ಗುಜರಾತಿಗಳು ಜಾಸ್ತಿ. ನಾಲ್ಕು ಅಂಗಡಿ ಸುತ್ತಿದ ಮೇಲೆ ಒಂದು ಕಡೆ ಗಲ್ಲಾದ ಮೇಲೆ ಕೂತಿದ್ದ ಅಜ್ಜನ ಹತ್ತಿರ ನನ್ನ ಮುರುಕು ಹಿಂದಿಯಲ್ಲಿ ಕೇಳಿದೆ. ಅವರು ಡ್ರಾಯರ್ ಎಳೆದು, ರಬ್ಬರ್ ಬ್ಯಾಂಡ್, ಹಳೇ ಕೀ, ಬ್ಯಾಟರಿ ಎಲ್ಲ ಸರಿಸಿ, ತಳದಿಂದ ಒಂದು ಪುಟ್ಟ ಪೊಟ್ಟಣ ತೆಗೆದರು. ಹತ್ತು ಸೂಜಿ. ಎಲ್ಲಿಂದ ಬಂದೆ, ಏನು ಕೆಲಸ ಅಂತ ವಿಚಾರಿಸಿದರು. ಚರ್ಚಿನ ಆಟದ ಶಿಬಿರ ಅಂದೆ. ಬಾಲ್ ತಂದಿರಿ, ಸೂಜಿ ತರಲಿಲ್ವಾ ಅಂದರು. ದುಡ್ಡು ತಗೊಂಡರು, ಬಿಡಲಿಲ್ಲ. ಕೋಚ್ ಆ ಪೊಟ್ಟಣವನ್ನು ಕರ್ಚೀಫಿನಲ್ಲಿ ಕಟ್ಟಿ ಒಳಗೆ ಇಟ್ಟುಕೊಂಡರು. ದಾರಿಯಲ್ಲಿ ಅವರು ಹೇಳಿದ್ದು, ಹಿಂದೆ ಬಂದ ತಂಡಗಳೂ ಚೆಂಡು ತಂದಿದ್ದವು, ಆ ಚೆಂಡುಗಳೂ ಇವೆ, ಚರ್ಚಿನ ಸ್ಟೋರ್ ರೂಮಿನಲ್ಲಿ ಚಪ್ಪಟೆಯಾಗಿ. ಸ್ಟೋರ್ ರೂಮಿನ ಕೀ ಅವರ ಹತ್ತಿರ ಇಲ್ಲ.

ಮತಾಂತರದ ಮಾತಿಗೆ ಬರುತ್ತೇನೆ. ಅದಕ್ಕೇ ತಾನೇ ನಿಮ್ಮ ಮೊದಲ ಪತ್ರದವರು ಸಿಟ್ಟಾದದ್ದು.

ಜಾಂಬಿಯಾದ ಸಂವಿಧಾನದ ಪೀಠಿಕೆಯಲ್ಲೇ ಅದು ಕ್ರೈಸ್ತ ದೇಶ ಎಂದು ಬರೆದಿದೆ. 2010ರ ಜನಗಣತಿಯಲ್ಲಿ ನೂರಕ್ಕೆ 95 ಜನ ಕ್ರೈಸ್ತರು. ಅಲ್ಲಿ ಹೋಗಿ ಮತಾಂತರ ಮಾಡುವುದು ಅಂದರೆ ಉಡುಪಿಗೆ ಬಂದು ಕೃಷ್ಣ ಯಾರು ಅಂತ ಹೇಳಿಕೊಟ್ಟ ಹಾಗೆ. ಆ ಮಕ್ಕಳು ನಾಲ್ಕು ದನಿಯಲ್ಲಿ ಹಾಡುವ ಹಾಡು ಕೇಳಿದ ಮೇಲೆ ನಮ್ಮ ತಂಡದ ಗಿಟಾರ್ ಮತ್ತೆ ಚೀಲದಿಂದ ಹೊರಗೆ ಬರಲಿಲ್ಲ. ಆದರೂ ಪ್ರತಿದಿನ ಆಟದ ಕೊನೆಗೆ ಹತ್ತು ನಿಮಿಷದ ಮಾತು ಇತ್ತು. ಓಟದಲ್ಲಿ ಎಲ್ಲರೂ ಓಡುತ್ತಾರೆ, ಬಹುಮಾನ ಒಬ್ಬನಿಗೇ ಅಂತ ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮಾತು, ಆಟದ ಶಿಬಿರ ಅಂದರೆ ಅದು ಇದ್ದೇ ಇರುತ್ತದೆ. ಮಾತು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ನಾವು ಚರ್ಚಿನವರು, ಚರ್ಚಿನ ಮೈದಾನ, ಮನೆಯವರಿಗೆ ಗೊತ್ತು. ಮುಚ್ಚಿಟ್ಟಿದ್ದರೆ ತಪ್ಪು.

ತಪ್ಪು ಇದ್ದದ್ದು ಬೇರೆ ಕಡೆ. ವಾರಕ್ಕೊಂದು ಫಾರಂ ತುಂಬಿ ತಂಡದ ಕಚೇರಿಗೆ ಕಳಿಸಬೇಕಿತ್ತು. ಎಷ್ಟು ಮಕ್ಕಳು ಬಂದರು, ಎಷ್ಟು ಗಂಟೆ ಆಟ, ಎಷ್ಟು ಜನ ಯೇಸುವನ್ನು ಸ್ವೀಕರಿಸಲು ಕೈ ಎತ್ತಿದರು. ಕೈ ಎತ್ತಿ ಅಂದರೆ ಎಲ್ಲರೂ ಎತ್ತುತ್ತಿದ್ದರು. ಸೋಮವಾರ ಎತ್ತಿದವರು ಬುಧವಾರವೂ ಎತ್ತುತ್ತಿದ್ದರು, ಶುಕ್ರವಾರವೂ. ಮರ್ಯಾದೆಯ ಮಕ್ಕಳು, ಅತಿಥಿ ಕೇಳಿದರೆ ಇಲ್ಲ ಅನ್ನಬಾರದು ಅಂತ ಬೆಳೆದವರು. ಮೇಲಾಗಿ ಪ್ರಾರ್ಥನೆ ಮುಗಿದ ಮೇಲೆ ಬಿಸ್ಕೆಟ್. ಒಂದು ಪುಟ್ಟ ಹುಡುಗ ನಾನು ಮಾತು ಶುರು ಮಾಡುವ ಮೊದಲೇ ಕೈ ಎತ್ತಿ ಕೂತಿದ್ದ, ಬೇಗ ಮುಗಿಸು ಅನ್ನುವ ಹಾಗೆ. ಆ ವಾರದ ಫಾರಂನಲ್ಲಿ ಅವನೂ ಸೇರಿದ. ಮೂರು ಸಲ ಸೇರಿದ.

ನೂರು ಚಿಲ್ಲರೆ ಮಕ್ಕಳ ಶಿಬಿರದಲ್ಲಿ ನಮ್ಮ ಲೆಕ್ಕ ಮೂರು ವಾರಕ್ಕೆ ಸಾವಿರ ದಾಟಿತು! ಆ ಅಂಕಿ ಎಲ್ಲಿಗೆ ಹೋಗುತ್ತದೆ? ಮುಂದಿನ ವರ್ಷದ ಕರಪತ್ರಕ್ಕೆ. ಅದನ್ನು ನೋಡಿ ದಾನ ಕೊಡುವವರು ಹೆಮ್ಮೆ ಪಡುತ್ತಾರೆ, ಅದೇ ಅಂಕಿ ನೋಡಿ ನಿಮ್ಮ ಪತ್ರದ ಮೊದಲನೆಯವರು ಹೌಹಾರುತ್ತಾರೆ. ಇಬ್ಬರನ್ನೂ ಹೆದರಿಸಿದ್ದು, ನಂಬಿಸಿದ್ದು ಒಂದು ಬಿಸ್ಕೆಟ್ ಪೊಟ್ಟಣ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಅಂತ ಹೇಳಿದವನ ಹೆಸರಿನಲ್ಲಿ ನಾವು ಎತ್ತಿದ ಕೈಗಳನ್ನು ಎಣಿಸುತ್ತಾ ಕೂತಿದ್ದೆವು. ನಾಲ್ಕನೇ ವಾರದಿಂದ ನಾನು ಆ ಕಾಲಂ ಖಾಲಿ ಬಿಟ್ಟೆ. ಕಚೇರಿಯಿಂದ ಎರಡು ಸಲ ಕೇಳಿದರು. ತಂಡದ ನಾಯಕ ನನ್ನ ಜೊತೆ ಎರಡು ದಿನ ಮಾತು ಬಿಟ್ಟ. ಬಿಸ್ಕೆಟನ್ನು ಕೋಚ್ ಹೇಳಿದ ಹಾಗೆ ಆಟಕ್ಕೆ ಮೊದಲೇ, ಗಂಜಿಯ ಜೊತೆ ಕೊಟ್ಟೆವು. ಆಮೇಲೂ ಮಕ್ಕಳು ಹತ್ತು ನಿಮಿಷ ಕೂರುತ್ತಿದ್ದರು, ಎಲ್ಲರೂ ಅಲ್ಲ. ಎದ್ದು ಹೋದವರು ಮರುದಿನ ಆಟಕ್ಕೆ ಬರುತ್ತಿದ್ದರು. ಹಾಗೇ ಇರಬೇಕಿತ್ತು, ಮೊದಲಿನಿಂದ.

ಮೊದಲ ಪತ್ರದವರಿಗೆ ಇನ್ನೊಂದು ಮಾತು. ನಮ್ಮ ಜಿಲ್ಲೆಯಲ್ಲಿ ಮಳೆ ನಿಂತರೆ ಸಾಕು, ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟದ ಬ್ಯಾನರ್. ಗಣೇಶೋತ್ಸವಕ್ಕೂ ವಾಲಿಬಾಲ್, ಯುವಕ ಮಂಡಲದ ವಾರ್ಷಿಕೋತ್ಸವಕ್ಕೂ ವಾಲಿಬಾಲ್. ಆ ಆಟ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಹೋಲಿಯೋಕ್ ಊರಿನ ವೈಎಂಸಿಎಯಲ್ಲಿ. ವೈಎಂಸಿಎ ಅಂದರೆ ಕ್ರೈಸ್ತ ಯುವಕರ ಸಂಘ. ಬಾಸ್ಕೆಟ್‌ಬಾಲ್ ಅದಕ್ಕೂ ನಾಲ್ಕು ವರ್ಷ ಮೊದಲು, 1891ರ ಡಿಸೆಂಬರಿನಲ್ಲಿ, ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ. ಚಳಿಗಾಲದಲ್ಲಿ ಹುಡುಗರನ್ನು ಒಳಗೇ ಆಡಿಸಲು ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ, ಹದಿಮೂರು ನಿಯಮ ಬರೆದು ಅಂಟಿಸಿದರು. ದೇವಶಾಸ್ತ್ರ ಓದಿ ಬಂದ ಮನುಷ್ಯ ಅವರು. ಆ ಬುಟ್ಟಿ ಆಟವೇ ಇಂಗ್ಲೆಂಡಿಗೆ ಹೋಗಿ ಹೆಂಗಸರ ಕೈಯಲ್ಲಿ ನೆಟ್‌ಬಾಲ್ ಆಯಿತು, ಅಲ್ಲಿಂದ ಬ್ರಿಟಿಷರು ಆಳಿದ ಕಡೆಗೆಲ್ಲ, ಜಾಂಬಿಯಾಕ್ಕೂ ಹೋಯಿತು. ಗಣೇಶೋತ್ಸವದಲ್ಲಿ ಸ್ಮ್ಯಾಷ್ ಹೊಡೆದವರು ಯಾರೂ ಇನ್ನೂ ಮತಾಂತರ ಆಗಿಲ್ಲ.

ಎರಡನೇ ಪತ್ರದವರಿಗೂ ಇದೇ ಚರಿತ್ರೆಯಿಂದ ಹೇಳುವುದಿದೆ. ಸೇವೆ ಅಂದ ಕೂಡಲೇ ಕೈಮುಗಿಯಬೇಡಿ. ಶ್ರೀನಗರದಲ್ಲಿ ಮಿಷನ್ ಶಾಲೆ ನಡೆಸಿದ ಟಿಂಡೇಲ್ ಬಿಸ್ಕೋ 1891ರಲ್ಲಿ ಅಲ್ಲಿಗೆ ಮೊದಲ ಫುಟ್‌ಬಾಲ್ ತಂದರು. ಚರ್ಮದ ಚೆಂಡು, ಪಂಡಿತರ ಹುಡುಗರು ಮುಟ್ಟುವುದಿಲ್ಲ ಅಂದರು. ಅವರು ಮೇಷ್ಟ್ರುಗಳ ಕೈಗೆ ಕೋಲು ಕೊಟ್ಟು ಮೈದಾನದ ಸುತ್ತ ನಿಲ್ಲಿಸಿ ಆಡಿಸಿದರು. ಈಗ ಇದನ್ನು ತಮಾಷೆಯ ಕತೆ ಅಂತ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ. ಕೋಲು ಹಿಡಿದು ಆಡಿಸಿದ್ದು ಆಟ ಅಲ್ಲ. ಬಿಸ್ಕೆಟ್ ಕೂಡ ಒಂದು ಮೆತ್ತನೆಯ ಕೋಲೇ.

ಅದೇ ಹೊತ್ತಿಗೆ, ಬಿಸ್ಕೋ ಅಲ್ಲಿಯೇ ಐವತ್ತು ವರ್ಷದಷ್ಟು ಇದ್ದರು ಅನ್ನುವುದನ್ನೂ ಮರೆಯಬಾರದು. ನಮ್ಮಜ್ಜ ಓದಿದ್ದು ಮದ್ರಾಸಿನ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನಲ್ಲಿ. ಅದನ್ನು 1920ರಲ್ಲಿ ಶುರು ಮಾಡಿದವರು ಹ್ಯಾರಿ ಕ್ರೋ ಬಕ್ ಅನ್ನುವ ಅಮೆರಿಕದವರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ತಂಡದ ಜೊತೆ ಹೋದವರೂ ಅವರೇ. ಆಟ ಆಡಿಸುವುದಕ್ಕಿಂತ ಆಡಿಸುವವರನ್ನು ತಯಾರು ಮಾಡುವ ಕೆಲಸ ಅವರದು. ಅಲ್ಲಿಂದ ಬಂದ ಮಾಸ್ತರರು ದಕ್ಷಿಣ ಭಾರತದ ಶಾಲೆಗಳಲ್ಲೆಲ್ಲ ಸೇರಿಕೊಂಡರು, ನಮ್ಮಜ್ಜ ಅವರಲ್ಲೊಬ್ಬರು. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಮೊಗ್ಲಿಂಗ್ ಕೂಡ ಬಂದಿಳಿದ ಆರು ವಾರಕ್ಕೆ ಪತ್ರಿಕೆ ಮಾಡಿದವರಲ್ಲ. ಏಳು ವರ್ಷ ಇಲ್ಲಿನ ಮಾತು ಕಲಿತ ಮೇಲೆ ಮಾಡಿದ್ದು. ನಾನು ಆರು ವಾರದಲ್ಲಿ ಕಲಿತ ಲುಸಾಕಾದ ನ್ಯಾಂಜಾ ಭಾಷೆ ಮುಲಿ ಬ್ವಾಂಜಿ, ಅಂದರೆ ಹೇಗಿದ್ದೀರಿ. ಉತ್ತರ ಉದ್ದ ಬಂದರೆ ಅರ್ಥ ಆಗುತ್ತಿರಲಿಲ್ಲ.

ಇನ್ನು ಕೊನೆಯ ಭಾನುವಾರದ ವಿಷಯ ಹೇಳಿ ಮುಗಿಸುತ್ತೇನೆ. ಜುಲೈ 28. ಪ್ಯಾರಿಸ್ ಒಲಿಂಪಿಕ್ಸ್ ಶುರುವಾಗಿತ್ತು, ಆ ಸಂಜೆ ಏಳಕ್ಕೆ ಜಾಂಬಿಯಾ ಹೆಂಗಸರ ಫುಟ್‌ಬಾಲ್ ತಂಡಕ್ಕೆ ಆಸ್ಟ್ರೇಲಿಯಾ ಎದುರು ಪಂದ್ಯ. ಅದೇ ಏಳಕ್ಕೆ ನಮ್ಮ ಬೀಳ್ಕೊಡುಗೆಯ ಪ್ರಾರ್ಥನಾ ಕೂಟ. ನಾಯಕ ಕೂಟ ಮುಂದೂಡುವುದಿಲ್ಲ ಅಂದ, ಭಾನುವಾರ ಬೇರೆ. ಅವನು ಎರಿಕ್ ಲಿಡಲ್ ಕತೆಯನ್ನು ಮಕ್ಕಳಿಗೆ ಮೂರು ಸಲ ಹೇಳಿದ್ದ. ನೂರು ವರ್ಷದ ಹಿಂದೆ ಇದೇ ಪ್ಯಾರಿಸಿನಲ್ಲಿ, ಭಾನುವಾರ ಓಡುವುದಿಲ್ಲ ಅಂತ ನೂರು ಮೀಟರ್ ಬಿಟ್ಟು, ನಾನೂರು ಮೀಟರ್‌ನಲ್ಲಿ 47.6 ಸೆಕೆಂಡಿಗೆ ಚಿನ್ನ ಗೆದ್ದವರು. ಕತೆ ಅಲ್ಲಿಗೆ ಮುಗಿಯುವುದಿಲ್ಲ ಅಂತ ನಾನು ಅವನಿಗೆ ಹೇಳಿದೆ. ಲಿಡಲ್ ಆಮೇಲೆ ಚೀನಾಕ್ಕೆ ಮಿಷನರಿಯಾಗಿ ಹೋದರು, ಯುದ್ಧದ ಕಾಲದಲ್ಲಿ ಜಪಾನಿಯರು ವೈಶಿಯನ್ ಶಿಬಿರದಲ್ಲಿ ಕೂಡಿಹಾಕಿದರು, ಅಲ್ಲಿ ಮಕ್ಕಳಿಗೆ ಆಟ ಆಡಿಸುತ್ತಿದ್ದರು. ಭಾನುವಾರ ಮಾತ್ರ ಇಲ್ಲ. ಒಂದು ಭಾನುವಾರ ಮಕ್ಕಳು ತಾವೇ ಹಾಕಿ ಆಡಲು ಹೋಗಿ ಹೊಡೆದಾಡಿಕೊಂಡರು. ಮುಂದಿನ ಭಾನುವಾರ ಲಿಡಲ್ ಬಂದು ರೆಫರಿಯಾಗಿ ನಿಂತರು. 1945ರ ಫೆಬ್ರುವರಿಯಲ್ಲಿ ಆ ಶಿಬಿರದಲ್ಲೇ ತೀರಿಕೊಂಡರು. ಶಿಬಿರಗಳಲ್ಲಿ ಹೇಳುವುದು ಕತೆಯ ಮೊದಲರ್ಧ ಮಾತ್ರ, ಅದು ಪದಕ ಇರುವ ಅರ್ಧ.

ನಾಯಕ ಒಪ್ಪಿದನೋ ಇಲ್ಲವೋ ಗೊತ್ತಿಲ್ಲ. ಅಷ್ಟರಲ್ಲಿ ಕೋಚ್ ಮಕ್ಕಳನ್ನು ಕರೆದುಕೊಂಡು ಹೊರಟಾಗಿತ್ತು. ಕರೆಂಟ್ ಇರಲಿಲ್ಲ. ರಸ್ತೆ ತಿರುವಿನ ಒಂದು ಅಂಗಡಿಯವನು ಜನರೇಟರ್ ಹಾಕಿ ಟಿವಿ ಹೊರಗೆ ಇಟ್ಟಿದ್ದ. ಮಣ್ಣಿನ ಮೇಲೆ ಮಕ್ಕಳು, ಹಿಂದೆ ದೊಡ್ಡವರು, ಡೀಸೆಲ್ ಹೊಗೆ, ಚಳಿ. ಬಾರ್ಬ್ರಾ ಬಾಂಡಾ ಒಬ್ಬಳೇ ಮೂರು ಗೋಲು ಹೊಡೆದಳು. ನನ್ನದೇ ವಯಸ್ಸಿನವಳು. ಎರಡನೇ ಅರ್ಧದ ಶುರುವಿನಲ್ಲಿ ಜಾಂಬಿಯಾ 5-2. ಯಾರ ತೊಡೆಯ ಮೇಲೆ ಯಾರು ಕೂತಿದ್ದಾರೋ ಗೊತ್ತಾಗದ ಹಾಗೆ ಕುಣಿತ. ಹಿರಿಯರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಒಂದೇ ಒಂದು ಪಂದ್ಯ ಆಡದ ದೇಶದಿಂದ ಬಂದು ಇವರಿಗೆ ಚೆಂಡು ಹೇಗೆ ಒದೆಯಬೇಕು ಅಂತ ಹೇಳಿದ್ದೆನಲ್ಲ ಅಂತ ನನಗೆ ಒಳಗೊಳಗೇ ನಗು. ಆಮೇಲೆ ಆಸ್ಟ್ರೇಲಿಯಾ ಒಂದೊಂದಾಗಿ ಹೊಡೆಯಿತು. 5-5. ಇನ್ನೇನು ಮುಗಿಯುತ್ತದೆ ಅನ್ನುವಾಗ 5-6. ಜನರೇಟರ್ ಸದ್ದು ಮಾತ್ರ ಕೇಳುತ್ತಿತ್ತು. ಓಡಿಸಿದಾಗ ಕುಸಿದು ಕೂತಿದ್ದ ಆ ಹುಡುಗಿ ಕೋಚ್ ಹತ್ತಿರ ಏನೋ ಕೇಳಿದಳು, ಕೋಚ್ ನಕ್ಕು ತಲೆ ಸವರಿದರು. ಏನಂದಳು ಅಂತ ಕೇಳಿದೆ. ನಾಳೆ ಪ್ರಾಕ್ಟೀಸ್ ಎಷ್ಟು ಗಂಟೆಗೆ ಅಂದಳಂತೆ.

ನಾಳೆ ನಾವು ಇರುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ಅವಳು ಕೇಳಿದ್ದು ನಮ್ಮನ್ನಲ್ಲ.

ಈ ವರ್ಷ ನಮ್ಮ ಸಭೆಯಿಂದ ಇನ್ನೂ ಇಬ್ಬರು ಹೋಗುವ ಮಾತು ನಡೆದಿದೆ, ಪಾದ್ರಿ ಅಯ್ಯನವರು ನನ್ನನ್ನು ಕರೆದು ಅನುಭವ ಹೇಳು ಎಂದರು. ಹೋಗಬೇಡಿ ಅಂತ ನಾನು ಹೇಳಲಿಲ್ಲ. ನಾನು ಹೋಗದಿದ್ದರೆ ಊಟ ಆಯಿತಾ ಅಂತ ಕೇಳದೆ ಇವತ್ತಿಗೂ ನನ್ನ ಶಾಲೆಯ ಮಕ್ಕಳನ್ನು ಓಡಿಸುತ್ತಿದ್ದೆ. ಆದರೆ ಪಟ್ಟಿಯಲ್ಲಿ ಅಲ್ಲಿನ ಕೋಚ್ ಹೆಸರು ಮೇಲೆ ಇರಲಿ, ನಿಮ್ಮದು ಕೆಳಗೆ. ಕೈ ಎಣಿಸುವ ಫಾರಂ ಕೊಟ್ಟರೆ ಖಾಲಿ ಕೊಡಿ. ಇಬ್ಬರು ಹೋಗುವ ಕಡೆ ಒಬ್ಬರು ಹೋಗಿ, ಉಳಿದ ಟಿಕೆಟ್ ದುಡ್ಡಿನಲ್ಲಿ ಆ ಹೆಂಗಸಿಗೆ ಒಂದು ವರ್ಷ ಸಂಬಳ ಕೊಡಿ, ಸ್ಟೋರ್ ರೂಮಿನ ಕೀ ಅವರ ಕೈಗೆ ಕೊಡಿಸಿ. ಈ ಕೊನೆಯದನ್ನು ಹೇಳಿದಾಗ ಯುವಜನ ಸಂಘದಲ್ಲಿ ಸ್ವಲ್ಪ ಗೊಣಗಾಟ ಆಯಿತು, ಸಹಜ, ಯಾರ ಟಿಕೆಟ್ ಬಿಡುವುದು ಅಂತ.

ಮೊನ್ನೆ ಕೋಚ್‌ಗೆ ವಾಟ್ಸಾಪ್ ಮಾಡಿ, ನಮ್ಮವರು ಬಂದರೆ ಏನು ತರಬೇಕು ಅಂತ ಕೇಳಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ಚೆಂಡು ಬೇಡ, ಇದೆ. ಎದೆಗೆ ಕಟ್ಟುವ ಅಕ್ಷರದ ಬಟ್ಟೆ ಏಳು, ನೆಟ್‌ಬಾಲ್ ಅಂಪೈರ್ ಪರೀಕ್ಷೆಗೆ ತಾನು ಕಟ್ಟಬೇಕಾದ ಫೀಸು ಸಾಧ್ಯವಾದರೆ. ಸೂಜಿ ಇನ್ನೂ ಆರು ಉಳಿದಿವೆ. ಕೊನೆಗೆ, ದಯವಿಟ್ಟು ಈ ಸಲ ಆಗಸ್ಟ್‌ನಲ್ಲಿ ಬರಲು ಹೇಳು, ಮಕ್ಕಳಿಗೆ ರಜೆ ಇರುತ್ತದೆ.

ಇತಿ,
ಒಬ್ಬ ದೈಹಿಕ ಶಿಕ್ಷಕಿ, ಉಡುಪಿ
(ಹೆಸರು ಹಾಕಬೇಡಿ ಎಂದು ಕೋರಿಕೆ. ಸಭೆಯವರಿಗೆ ಹೇಗೂ ಗೊತ್ತಾಗುತ್ತದೆ.)